ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?

ನಮ್ಮ ಕಡೆ ಹೆಂಗಸರ ಕಿವಿಗೆ ಪದೇ ಪದೇ ಬೀಳುವ ಮಾತೊಂದಿದೆ: 'ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?' ಸ್ವಲ್ಪ ಗಾಢ ಬಣ್ಣದ ಸೀರೆ ಉಟ್ಟರೆ ಈ ಮಾತು, ಸ್ಕೂಟರ್ ಕಲಿಯಲು ಹೊರಟರೆ ಈ ಮಾತು, ಮಧ್ಯಾಹ್ನ ಒಂದು ಪುಸ್ತಕ ಹಿಡಿದು ಕೂತರೂ ಇದೇ ಮಾತು. ವಿಚಿತ್ರವೆಂದರೆ ಈ ಮಾತಿಗೆ ಇಂಥದೇ ವಯಸ್ಸು ಎಂಬುದಿಲ್ಲ. ಹದಿನೆಂಟರ ಹುಡುಗಿ ಇನ್ನೂ ಓದುತ್ತೇನೆ ಎಂದರೆ 'ಮದುವೆಯ ವಯಸ್ಸಿನಲ್ಲಿ ಯಾಕೆ' ಎನ್ನುತ್ತಾರೆ. ಮೂವತ್ತರಲ್ಲಿ ಮಕ್ಕಳನ್ನು ಸಾಕುವ ವಯಸ್ಸು, ಐವತ್ತರಲ್ಲಿ ಸೊಸೆ ತರುವ ವಯಸ್ಸು, ಎಪ್ಪತ್ತರಲ್ಲಿ ರಾಮಾ ಕೃಷ್ಣಾ ಎನ್ನುವ ವಯಸ್ಸು. ಹಾಗಾದರೆ ಒಬ್ಬ ಹೆಂಗಸು ಹೊಸದೇನನ್ನಾದರೂ ತಿಳಿದುಕೊಳ್ಳುವ ವಯಸ್ಸು ಯಾವುದು? ಶಾಲೆಗೆ ಹೋಗುವ ಹತ್ತು ಹನ್ನೆರಡು ವರ್ಷವಷ್ಟೇ ಏನು? ಆ ವರ್ಷಗಳೂ ಸಿಗದವರ ಪಾಲಿಗೆ?

ಈ ಪ್ರಶ್ನೆ ನನ್ನ ತಲೆಯಲ್ಲಿ ಬಹಳ ದಿನದಿಂದ ಇದೆ. ನಾನು ಹೊಳೆನರಸೀಪುರದಲ್ಲಿ ವಾಸವಾಗಿರುವ ಗೃಹಿಣಿ. ನನ್ನ ಯಜಮಾನರ ಊರು ಇದೇ ತಾಲ್ಲೂಕಿನ ಹರದನಹಳ್ಳಿ. ಹೆಸರು ಹೇಳಿದರೆ ಎಲ್ಲರಿಗೂ ಗೊತ್ತಾಗುವ ಊರು. 1996ರ ಜೂನ್ 1ರಂದು ದೇಶದ ಪ್ರಧಾನಿಯಾದ ಎಚ್.ಡಿ. ದೇವೇಗೌಡರು ಹುಟ್ಟಿದ್ದು ಅಲ್ಲಿ. ಅವರ ಹೆಸರಿನ ಮೊದಲಕ್ಷರವೇ ಊರಿನದು. ಅತ್ತೆಯವರು ಇವತ್ತಿಗೂ ಊರಿನ ಮನೆಯಲ್ಲೇ ಇರುತ್ತಾರೆ. ಎಂಟು ಮಕ್ಕಳನ್ನು ಹೆತ್ತು, ಐದನ್ನು ಉಳಿಸಿಕೊಂಡು, ಅವರನ್ನೆಲ್ಲ ಓದಿಸಿ, ತಾವು ಮಾತ್ರ ಹೆಬ್ಬೆಟ್ಟೊತ್ತುವ ಹೆಂಗಸಾಗಿಯೇ ಉಳಿದವರು.

ನಮ್ಮ ಊರಿನ ಹೆಸರಿನ ಅರ್ಥ ನನಗೆ ತಿಳಿದದ್ದು ಒಂದು ಗ್ರಂಥಾಲಯದಲ್ಲಿ. ಮಗಳನ್ನು ಟ್ಯೂಷನ್‌ಗೆ ಬಿಟ್ಟು, ಅವಳು ಬರುವವರೆಗೆ ಕೂರಲು ನೆರಳು ಹುಡುಕಿಕೊಂಡು ಒಳಗೆ ಹೋದವಳು ನಾನು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ದಪ್ಪ ದಪ್ಪ ಸಂಪುಟಗಳು ಅಲ್ಲಿ ಸಾಲಾಗಿ ಕೂತಿದ್ದವು. ಸುಮ್ಮನೆ ಒಂದನ್ನು ತೆರೆದೆ. 'ಹರದ' ಎಂದರೆ ವ್ಯಾಪಾರಿ, ವರ್ತಕ ಎಂದಿತ್ತು. ಹಾಗಾದರೆ ಹರದನಹಳ್ಳಿ ಎಂದರೆ ಯಾವನೋ ಹಳೆಯ ಕಾಲದ ವ್ಯಾಪಾರಿಯ ಹಳ್ಳಿಯಿರಬಹುದೇ? ಮುಂದಿನ ಭಾನುವಾರ ಅತ್ತೆಯವರಿಗೆ ಹೇಳಿದೆ. ಅವರು ಮೊರದಲ್ಲಿ ರಾಗಿ ಕೇರುವುದನ್ನು ನಿಲ್ಲಿಸಿ, 'ಅಂಗಾರೆ ಆ ವ್ಯಾಪಾರಿ ಯಾವ ದಾರೀಲಿ ಬಂದಿರಬೋದು? ಎತ್ತಿನ ಮೇಲೆ ಏನ ಏರ್ಕೊಂಡು ಬಂದಿರಬೋದು?' ಎಂದು ಕೇಳಿದರು. ನಾನು ಅರ್ಥ ಹುಡುಕಿ ತೃಪ್ತಿಪಟ್ಟಿದ್ದೆ; ಅಕ್ಷರ ಬಾರದ ಅವರು ಅಲ್ಲಿಂದ ಮುಂದಿನ ಪ್ರಶ್ನೆಗೆ ಹೋಗಿದ್ದರು. ತಿಳಿಯುವ ಹಸಿವು ಬೇರೆ, ಓದಲು ಬರುವುದು ಬೇರೆ ಎಂದು ನನಗೆ ಆ ಹೊತ್ತು ಅನ್ನಿಸಿತು.

ಗ್ರಂಥಾಲಯ ಎಂದೊಡನೆ ನಮಗೆ ಅದು ಸರ್ಕಾರ ಕೊಟ್ಟ ಉಪಕಾರ ಎಂಬ ಭಾವನೆ ಇದೆ. ಹಾಗಲ್ಲ. 1965ರಲ್ಲಿ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಆಯಿತು. ಅದರ ಪ್ರಕಾರ ಮನೆ, ನಿವೇಶನಗಳ ತೆರಿಗೆಯ ಜೊತೆಗೆ ಗ್ರಂಥಾಲಯದ ಕರವನ್ನೂ ವಸೂಲು ಮಾಡುತ್ತಾರೆ. ತೆರಿಗೆಯ ಒಂದು ರೂಪಾಯಿಗೆ ಆರು ಪೈಸೆ. ಕಂದಾಯದ ರಸೀದಿಯನ್ನು ತೆಗೆದು ನೋಡಿದರೆ ನಿಮ್ಮ ಮನೆಯದೂ ಕಾಣಸಿಗುತ್ತದೆ. ಅಂದರೆ ನಾವು ಪ್ರತಿ ವರ್ಷ ದುಡ್ಡು ಕೊಟ್ಟು ಕೊಂಡಿರುವ ಕುರ್ಚಿಯೊಂದು ಅಲ್ಲಿ ನಮಗಾಗಿ ಇದೆ. ಆ ಕುರ್ಚಿಯಲ್ಲಿ ಯಾರು ಕೂರುತ್ತಿದ್ದಾರೆ ಎನ್ನುವುದು ಪ್ರಶ್ನೆ. ನಾನು ಕಂಡ ಗ್ರಂಥಾಲಯಗಳಲ್ಲಿ ಬೆಳಿಗ್ಗೆ ಪತ್ರಿಕೆಯ ಮೇಜಿನ ಸುತ್ತ ನಿವೃತ್ತರಾದ ಗಂಡಸರು, ಸಂಜೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ನಡುವಯಸ್ಸಿನ ಹೆಂಗಸರು ಬೆರಳೆಣಿಕೆಯಷ್ಟು ಮಂದಿ. ಅವರೂ ಮಕ್ಕಳ ಪ್ರಾಜೆಕ್ಟಿಗೆ ಚಿತ್ರ ಹುಡುಕಲು ಬಂದವರು.

ಇದಕ್ಕೆ ಒಂದು ಕಾರಣ ಅಕ್ಷರದ್ದು. 1991ರ ಜನಗಣತಿಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಓದು ಬರಹ ಬಲ್ಲವರು ನೂರಕ್ಕೆ 44 ಮಂದಿ. 2011ರ ಹೊತ್ತಿಗೆ ಅದು 68ಕ್ಕೆ ಏರಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಓದು ಬಲ್ಲ ಆ 68 ಮಂದಿಯಲ್ಲಿ ಎಷ್ಟು ಜನಕ್ಕೆ ಓದಲು ಬಿಡುವು ಇದೆ? ನಮ್ಮ ಸಮಯ ನಮ್ಮದಲ್ಲ ಎಂಬುದು ನಿಮಗೆಲ್ಲ ಗೊತ್ತಿರುವುದೇ. ಗಂಡಸು ಪತ್ರಿಕೆ ಓದುತ್ತಿದ್ದರೆ ಮನೆಯವರು ಸದ್ದು ಮಾಡದೆ ಓಡಾಡುತ್ತಾರೆ. ಹೆಂಗಸು ಓದುತ್ತಿದ್ದರೆ ಸುಮ್ಮನೆ ಕೂತಿದ್ದಾಳೆ ಎಂದು ತಿಳಿದು ಕೆಲಸ ಹೇಳುತ್ತಾರೆ. ಅವಳ ಕೈಯಲ್ಲಿ ಪುಸ್ತಕವಿದ್ದರೂ ಅವಳು ಖಾಲಿ ಇದ್ದಾಳೆ ಎಂದೇ ಲೆಕ್ಕ.

ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಪುಸ್ತಕಗಳಿರುವುದು ಬಳಕೆಗೆ, ಪ್ರತಿ ಓದುಗರಿಗೂ ಅವರ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗರು ಸಿಗಬೇಕು, ಓದುಗರ ಸಮಯ ಉಳಿಯಬೇಕು, ಗ್ರಂಥಾಲಯ ಬೆಳೆಯುತ್ತಿರುವ ಜೀವಿ ಎಂಬುವು ಅವು. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ತೀರಿಕೊಂಡರು. ಈ ಐದರಲ್ಲಿ ಒಂದರಲ್ಲೂ ವಯಸ್ಸಿನ ಮಾತಿಲ್ಲ, ಹೆಣ್ಣು ಗಂಡಿನ ಮಾತಿಲ್ಲ, ಅಂಕಪಟ್ಟಿಯ ಮಾತಿಲ್ಲ. ಶಾಲೆ ನಿನಗೆ ಎಷ್ಟು ವಯಸ್ಸು ಎಂದು ಕೇಳಿ ಸೇರಿಸಿಕೊಳ್ಳುತ್ತದೆ, ಎಷ್ಟು ಬಂತು ಎಂದು ಕೇಳಿ ಕಳಿಸುತ್ತದೆ. ಗ್ರಂಥಾಲಯವಾಗಲಿ ವಸ್ತುಸಂಗ್ರಹಾಲಯವಾಗಲಿ ಎರಡನ್ನೂ ಕೇಳುವುದಿಲ್ಲ. ಗೊತ್ತಿಲ್ಲದವಳಾಗಿ ಒಳಗೆ ಹೋಗಿ, ನಾಚಿಕೆಯಿಲ್ಲದೆ ನಿಂತು ನೋಡಿ, ಅರ್ಧ ತಿಳಿದು ಹೊರಗೆ ಬಂದರೂ ಅಲ್ಲಿ ಯಾರೂ ನಪಾಸು ಮಾಡುವುದಿಲ್ಲ. ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಸಮಾಧಾನ ಇಲ್ಲ.

ತಡವಾಗಿ ಶುರು ಮಾಡಿದವರ ಉದಾಹರಣೆ ಬೇಕೆಂದರೆ ದೂರ ಹೋಗಬೇಕಿಲ್ಲ. ಎಂ.ಕೆ. ಇಂದಿರಾ ಅವರು ಶಾಲೆಯಲ್ಲಿ ಓದಿದ್ದು ಕೆಲವೇ ವರ್ಷ, ಹನ್ನೆರಡಕ್ಕೇ ಮದುವೆ. ಅವರ ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ಆ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಅವರೂ ಕೈಕಟ್ಟಿ ಕೂತಿದ್ದರೆ 1976ರ 'ಫಣಿಯಮ್ಮ' ನಮಗೆ ಸಿಗುತ್ತಿರಲಿಲ್ಲ. ಆದರೆ ಎಲ್ಲರೂ ಕಾದಂಬರಿ ಬರೆಯಲೆಂದೇ ಕಲಿಯಬೇಕೇ? ಏನನ್ನೂ ಬರೆಯದೆ, ಯಾವ ಬಹುಮಾನವನ್ನೂ ಪಡೆಯದೆ, ಬರಿದೆ ತಿಳಿದುಕೊಳ್ಳಲು ಒಬ್ಬ ಮುದುಕಿಗೆ ಹಕ್ಕಿದೆಯೇ? ಇದು ನನ್ನ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವಂತೆ ಮಾಡಿದವರು ನಮ್ಮ ಅತ್ತೆಯವರೇ.

2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ಹಣ ಕೊಡಬೇಕಾದ್ದಿಲ್ಲ. ಇದರ ಬಗ್ಗೆ ಪರ ವಿರೋಧದ ಮಾತು ಎಷ್ಟೋ ಇವೆ. ನಮ್ಮ ಮನೆಯಲ್ಲಿ ಆದದ್ದಿಷ್ಟು: ಯಾರನ್ನೂ ದುಡ್ಡು ಕೇಳಬೇಕಾಗಿಲ್ಲ ಎಂದು ತಿಳಿದ ಅತ್ತೆಯವರು ಮೊದಲು ಧರ್ಮಸ್ಥಳಕ್ಕೆ ಹೋಗಿ ಬಂದರು, ಆಮೇಲೆ 'ಇನ್ನೇನಾರ ನೋಡಾದಿದ್ರೆ ಕರ್ಕೊಂಡೋಗು' ಎಂದರು. ನಾನು, ಅವರು, ನನ್ನ ಮಗಳು ಮೂವರೂ ಮೈಸೂರಿಗೆ ಹೋಗಿ ಬಸ್ಸು ಬದಲಿಸಿ ರಾಮನಗರದ ಬಳಿಯ ಜಾನಪದ ಲೋಕಕ್ಕೆ ಹೋದೆವು. ನಾಗಮಂಗಲದ ಕಡೆಯವರಾದ ಎಚ್.ಎಲ್. ನಾಗೇಗೌಡರು ಊರೂರು ಅಲೆದು, ಹಳ್ಳಿಯವರ ಹಾಡು, ಕತೆ, ವಸ್ತುಗಳನ್ನು ಕೂಡಿಸಿ ಕಟ್ಟಿದ ಸಂಗ್ರಹಾಲಯ ಅದು, 1994ರಲ್ಲಿ ಉದ್ಘಾಟನೆಯಾಯಿತು.

ಅಲ್ಲಿ ಲೋಕಮಾತಾ ಮಂದಿರ ಎಂದೊಂದಿದೆ. ಹಳ್ಳಿಯ ಅಡಿಗೆಮನೆಯ, ಒಕ್ಕಲುತನದ ವಸ್ತುಗಳೆಲ್ಲ ಅಲ್ಲಿವೆ. ಬೀಸುವ ಕಲ್ಲು, ಒರಳು, ಒನಕೆ, ಮೊರ, ಕಡೆಗೋಲು, ಕಾಳು ತುಂಬುವ ವಾಡೆ, ಅಳೆಯುವ ಕೊಳಗ, ಸೇರು, ಪಾವು. ಅತ್ತೆಯವರು ಮೊದಲು ನಕ್ಕುಬಿಟ್ಟರು. 'ಇದ್ಯಾಕವ್ವ ಇವನ್ನೆಲ್ಲ ಇಲ್ಲಿ ತಂದು ಮಡಗವ್ರೆ? ಅಟ್ಟದ ಮೇಲೆ ನಮ್ಮವೇ ಬಿದ್ದವಲ್ಲ!' ಎಂದರು. ಆದರೆ ಮೊಮ್ಮಗಳು ಬೀಸುವ ಕಲ್ಲನ್ನು ತೋರಿಸಿ ಇದರಲ್ಲಿ ಹೇಗೆ ಬೀಸುವುದು ಎಂದು ಕೇಳಿದಾಗ ನಗು ನಿಂತಿತು. ಇಬ್ಬರು ಎದುರುಬದುರು ಕೂರಬೇಕು, ಗೂಟವನ್ನು ಒಬ್ಬರು ಎಳೆದಾಗ ಇನ್ನೊಬ್ಬರು ಬಿಡಬೇಕು, ರಾಗಿಯನ್ನು ಎಷ್ಟೆಷ್ಟು ಹೊತ್ತಿಗೆ ಎಷ್ಟೆಷ್ಟು ಹಾಕಬೇಕು, ಮಳೆಗಾಲದಲ್ಲಿ ರಾಗಿ ಮೆತ್ತಗಾದರೆ ಏನು ಮಾಡಬೇಕು, ಮೊದಲ ಕೋಳಿ ಕೂಗುವ ಹೊತ್ತಿಗೆ ಎದ್ದು ಶುರು ಮಾಡಿದರೆ ಬೆಳಗಾಗುವ ಹೊತ್ತಿಗೆ ಎಷ್ಟು ಹಿಟ್ಟು ಸಿಗುತ್ತದೆ, ಎಲ್ಲವನ್ನೂ ಹೇಳಿದರು. ಹೇಳುತ್ತ ಹೇಳುತ್ತ ಧ್ವನಿ ಎತ್ತರವಾಯಿತು. ಯಾವುದೋ ಶಾಲೆಯ ಮಕ್ಕಳು ಬಂದಿದ್ದರು. ಅವರೂ ಒಬ್ಬೊಬ್ಬರಾಗಿ ಹತ್ತಿರ ಬಂದು ನಿಂತರು. ಮೇಷ್ಟರೂ ನಿಂತರು. ಎಪ್ಪತ್ತೆಂಟು ವರ್ಷ ಬಾಳಿದ ನನ್ನ ಅತ್ತೆಯವರನ್ನು ಯಾರಾದರೂ ಕಿವಿಗೊಟ್ಟು ಕೇಳಿ, 'ಅಜ್ಜಿ, ಇನ್ನೊಂದ್ಸಲ ಹೇಳಿ' ಎಂದದ್ದು ಅದೇ ಮೊದಲಿರಬೇಕು.

ವಸ್ತುಸಂಗ್ರಹಾಲಯದ ಬಗ್ಗೆ ನಾನು ತಿಳಿದಿದ್ದ ಒಂದು ವಿಷಯ ಆವತ್ತು ತಲೆಕೆಳಗಾಯಿತು. ದೊಡ್ಡವರು ಇಟ್ಟದ್ದನ್ನು ಚಿಕ್ಕವರು ನೋಡಿ ಕಲಿಯುವ ಜಾಗ ಅದು ಎಂದುಕೊಂಡಿದ್ದೆ. ಆದರೆ ಅದು ಅಕ್ಷರ ಬಾರದವರು ಗುರುವಾಗಬಹುದಾದ ಜಾಗವೂ ಹೌದು. ಚೀಟಿಯಲ್ಲಿ 'ಬೀಸುವ ಕಲ್ಲು' ಎಂದಷ್ಟೇ ಬರೆದಿರುತ್ತದೆ. ಆ ಎರಡು ಪದಕ್ಕೆ ಜೀವ ಬರಬೇಕಾದರೆ ಅದನ್ನು ಬೀಸಿದ ಕೈಯೊಂದು ಪಕ್ಕದಲ್ಲಿರಬೇಕು. ಅಜ್ಜಿಯರನ್ನು ಮನೆಕಾವಲಿಗೆ ಬಿಟ್ಟು ಮಕ್ಕಳನ್ನು ಮಾತ್ರ ಪ್ರವಾಸಕ್ಕೆ ಕಳಿಸುವ ನಾವು ಅರ್ಧ ಪಾಠವನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೇವೆ.

ಇಲ್ಲಿಯವರೆಗೆ ಎಲ್ಲವೂ ಸಂತೋಷದ ಸಂಗತಿಯೇ. ಕಲಿಕೆ ಯಾವಾಗಲೂ ಸಂತೋಷವನ್ನೇ ಕೊಡುತ್ತದೆ ಎಂದು ಹೇಳಿ ಈ ಲೇಖನವನ್ನು ಮುಗಿಸಬಹುದಿತ್ತು. ಆದರೆ ಅದು ನಿಜವಲ್ಲ.

ಅತ್ತೆಯವರ ತವರು ಅರಕಲಗೂಡಿನ ಕಡೆ. ಅವರ ತವರಿನ ಹೊಲದ ಬದುವಿನ ಮೇಲೆ ಒಂದು ಹಳೆಯ ಕಲ್ಲಿದೆ. ಕಂಬದಿಂದ ಹೊರಟ ಒಂದು ತೋಳು, ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಅಂಗೈ, ಕೈತುಂಬ ಬಳೆ, ಬೆರಳ ನಡುವೆ ಒಂದು ನಿಂಬೆಹಣ್ಣು. ಮನೆಯವರೆಲ್ಲ ಅದಕ್ಕೆ ಮಾಸ್ತಮ್ಮ ಎನ್ನುತ್ತಾರೆ. ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹೋದಾಗ ಅರಿಶಿನ ಕುಂಕುಮ ಹಚ್ಚಿ, ಮುತ್ತೈದೆತನ ಕೊಡು ತಾಯಿ ಎಂದು ಕೈಮುಗಿದು ಬರುವುದು ಪದ್ಧತಿ. ಅತ್ತೆಯವರು ಅರವತ್ತು ವರ್ಷ ಹಾಗೆ ಕೈಮುಗಿದಿದ್ದಾರೆ. ಮಾವನವರು ತೀರಿಕೊಂಡ ಮೇಲೂ ಮಕ್ಕಳ ಹೆಸರಿನಲ್ಲಿ ಕೈಮುಗಿಯುತ್ತಾರೆ.

ಕಳೆದ ವರ್ಷ ನನ್ನ ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಗ್ರಂಥಾಲಯದಿಂದ ಶಾಸನ, ಸ್ಮಾರಕ ಶಿಲೆಗಳ ಪುಸ್ತಕಗಳನ್ನು ತಂದಳು. ನಮ್ಮ ಜಿಲ್ಲೆಯ ಹಲ್ಮಿಡಿ ಶಾಸನದಿಂದ ಅವಳ ಬರವಣಿಗೆ ಶುರುವಾಗಿತ್ತು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಆ ಕಲ್ಲು ತಲೆತಲಾಂತರದಿಂದ ಇತ್ತು. ಊರಿನವರು ದಿನವೂ ಅದನ್ನು ಹಾದು ಹೋಗುತ್ತಿದ್ದರು. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಗುರುತಿಸಿದ ಮೇಲೆ ತಾನೇ ಅದು ಸುಮಾರು ಕ್ರಿ.ಶ. 450ರ ಹೊತ್ತಿನ ಕನ್ನಡ ಎಂದು ನಾಡಿಗೆ ತಿಳಿದದ್ದು! ಈಗ ಮೂಲ ಕಲ್ಲು ಮೈಸೂರಿನಲ್ಲಿದೆ, ಊರಿನಲ್ಲಿ ಅದರ ಪ್ರತಿಕೃತಿ ಇದೆ. ಇದನ್ನು ಓದಿ ಹೇಳುತ್ತಿದ್ದ ಮಗಳು ಪುಟ ತಿರುವಿದಾಗ ಒಂದು ಚಿತ್ರ ಬಂತು. ಅದೇ ತೋಳು, ಅದೇ ಬಳೆ, ಅದೇ ನಿಂಬೆಹಣ್ಣು. ಪಕ್ಕದಲ್ಲಿದ್ದ ಅತ್ತೆಯವರು ಖುಷಿಯಿಂದ 'ನಮ್ ಮಾಸ್ತಮ್ಮ!' ಎಂದರು. ಮಗಳು ಕೆಳಗಿನ ಬರಹವನ್ನು ಓದಿದಳು. ಮಾಸ್ತಿ ಎಂದರೆ ಮಹಾಸತಿ. ಗಂಡ ಸತ್ತಾಗ ಚಿತೆಯೇರಿದ ಹೆಣ್ಣಿನ ನೆನಪಿಗೆ ನಿಲ್ಲಿಸಿದ ಕಲ್ಲು. ಒಡೆಯದ ಬಳೆಗಳು ಅವಳು ಮುತ್ತೈದೆಯಾಗಿಯೇ ಹೋದಳೆಂಬುದರ ಗುರುತು.

ಅತ್ತೆಯವರು ಸುಮ್ಮನಾದರು. ಬಹಳ ಹೊತ್ತಿನ ಮೇಲೆ ಒಂದೇ ಮಾತು ಕೇಳಿದರು: 'ಅವಳಿಗೆ ಎಷ್ಟು ವಯಸ್ಸಾಗಿತ್ತಂತೆ?'

ಪುಸ್ತಕದಲ್ಲಿ ಅದು ಇರಲಿಲ್ಲ. ಬಹುಪಾಲು ಮಾಸ್ತಿಕಲ್ಲುಗಳ ಮೇಲೆ ಒಂದಕ್ಷರವೂ ಇರುವುದಿಲ್ಲ. ಹೆಸರಿಲ್ಲ, ಊರಿಲ್ಲ, ವಯಸ್ಸಿಲ್ಲ.

ಆ ರಾತ್ರಿ ನಮ್ಮ ಮನೆಯಲ್ಲಿ ಸಣ್ಣ ಜಗಳವಾಯಿತು. ಯಜಮಾನರಿಗೆ ಕೋಪ ಬಂದಿತ್ತು. ಅವ್ವನ ಮನಸ್ಸಿನಲ್ಲಿ ದೇವರಾಗಿದ್ದದ್ದನ್ನು ಯಾಕೆ ಕದಡಿದಿರಿ, ಈ ವಯಸ್ಸಿನಲ್ಲಿ ಅವಳಿಗೆ ಅದೆಲ್ಲ ತಿಳಿದು ಏನಾಗಬೇಕಿತ್ತು ಎಂದರು. ಗಮನಿಸಿ, ಅದೇ ಹಳೆಯ ಮಾತು. ಆದರೆ ಈ ಸಲ ಅದರಲ್ಲಿ ತಾತ್ಸಾರವಿರಲಿಲ್ಲ. ತಾಯಿಯ ಮೇಲಿನ ಪ್ರೀತಿ ಇತ್ತು. ಪ್ರೀತಿಯಿಂದ ಬಂದ ಮಾತಿಗೆ ಉತ್ತರ ಕೊಡುವುದು ಕಷ್ಟ. ನಾನೂ ಬಹಳ ದಿನ ಯೋಚಿಸಿದೆ. ನಂಬಿಕೆಯ ನೆಮ್ಮದಿಯನ್ನು ಕೆಡಿಸುವ ತಿಳುವಳಿಕೆ ಒಳ್ಳೆಯದೇ? ಬಾಳಿನ ಸಂಜೆಯಲ್ಲಿರುವವರಿಗೆ ನಾವು ಕೊಡಬೇಕಾದದ್ದು ಸತ್ಯವನ್ನೋ, ಶಾಂತಿಯನ್ನೋ?

ಯೋಚಿಸಿದಷ್ಟೂ ನನಗೆ ಎರಡು ವಿಷಯ ಸ್ಪಷ್ಟವಾದವು. ಒಂದನೆಯದು, ತಿಳಿಯದೆ ಪೂಜಿಸುವುದರಿಂದ ಯಾರಿಗೂ ತೊಂದರೆ ಇಲ್ಲ ಎಂದು ಹೇಳುವ ಹಾಗಿಲ್ಲ. 1987ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ದೇವರಾಲಾ ಎಂಬ ಹಳ್ಳಿಯಲ್ಲಿ ರೂಪ್ ಕಂವರ್ ಎಂಬ ಹೆಣ್ಣುಮಗಳು ಗಂಡನ ಚಿತೆಯಲ್ಲಿ ಸುಟ್ಟುಹೋದಳು. ಅವಳಿಗೆ 18 ವರ್ಷ. ಆಮೇಲೆ ಸಾವಿರಾರು ಜನ ಅಲ್ಲಿಗೆ ಕೈಮುಗಿಯಲು ಹೋದರು. ಅದೇ ವರ್ಷ ಕೇಂದ್ರ ಸರ್ಕಾರ ಸತಿಯನ್ನು ವೈಭವೀಕರಿಸುವುದನ್ನೂ ಅಪರಾಧವೆಂದು ಕಾಯಿದೆ ತರಬೇಕಾಯಿತು. ಕೈಮುಗಿದವರೆಲ್ಲ ಕೆಟ್ಟವರಾಗಿದ್ದರೇ? ಇಲ್ಲ. ನಮ್ಮ ಅತ್ತೆಯವರಂಥ ಹೆಂಗಸರೇ ಅವರಲ್ಲಿ ಎಷ್ಟೋ ಮಂದಿ ಇದ್ದಿರಬೇಕು. ಕಲ್ಲನ್ನು ದೇವರೆಂದು ನೋಡಿದ ಕಣ್ಣಿಗೆ ಅದರ ಹಿಂದಿನ ಹುಡುಗಿ ಕಾಣುವುದಿಲ್ಲ. ತಿಳುವಳಿಕೆ ಆ ಹುಡುಗಿಯನ್ನು ತೋರಿಸುತ್ತದೆ.

ಎರಡನೆಯದು ಇನ್ನೂ ಮುಖ್ಯ. ಇನ್ನೊಬ್ಬರಿಗೆ ಏನನ್ನು ತಿಳಿಯುವ ಶಕ್ತಿ ಇದೆ, ಏನನ್ನು ತಾಳುವ ಶಕ್ತಿ ಇಲ್ಲ ಎಂದು ತೀರ್ಮಾನಿಸುವವರು ನಾವು ಯಾರು? ಮೂರು ಮಕ್ಕಳನ್ನು ಮಣ್ಣು ಮಾಡಿದ ಹೆಂಗಸು ಒಂದು ಪುಸ್ತಕದ ನಾಲ್ಕು ಸಾಲನ್ನು ತಾಳಲಾರಳೇ? ಹೇಳಬೇಡಿ, ಪಾಪ, ಅವರಿಗೆ ವಯಸ್ಸಾಗಿದೆ ಎನ್ನುವಾಗ ನಾವು ಮರ್ಯಾದೆ ಕೊಡುತ್ತಿದ್ದೇವೆ ಎಂದುಕೊಳ್ಳುತ್ತೇವೆ. ನನಗೆ ಈಗ ಹಾಗೆ ಅನ್ನಿಸುವುದಿಲ್ಲ. ಅವರ ಮನಸ್ಸು ಬೆಳೆಯುವುದು ಮುಗಿಯಿತು ಎಂದು ನಾವೇ ಷರಾ ಬರೆದಂತೆ ಅದು. ದೇಹಕ್ಕೆ ವಯಸ್ಸಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಮಂಡಿ ನೋಯುತ್ತದೆ. ಆದರೆ 'ಅವಳಿಗೆ ಎಷ್ಟು ವಯಸ್ಸಾಗಿತ್ತು' ಎಂದು ಕೇಳಿದ ಆ ಮನಸ್ಸಿಗೆ ಯಾವ ವಯಸ್ಸು?

ನಾನು ಮತ್ತೆ ಗ್ರಂಥಾಲಯಕ್ಕೆ ಹೋದೆ, ಈ ಸಲ ಅತ್ತೆಯವರ ಪ್ರಶ್ನೆಯನ್ನು ಹಿಡಿದುಕೊಂಡು. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಎಂಬ, 1966ರಲ್ಲಿ ಬಂದ ದೊಡ್ಡ ಪುಸ್ತಕ ಸಿಕ್ಕಿತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನವಿದೆ. ಅದರಲ್ಲಿ ದೇಕಬ್ಬೆ ಎಂಬ ಹೆಣ್ಣಿನ ಕತೆ ಇದೆ. ಗಂಡನನ್ನು ದೊರೆ ಕೊಲ್ಲಿಸಿದ ಸುದ್ದಿ ಕೇಳಿ ಅವಳು ಬೆಂಕಿಗೆ ಬಿದ್ದಳು. ಬಂಧುಗಳು ಬೇಡವೆಂದರೂ ಕೇಳಲಿಲ್ಲ. ಇವಳಿಗೆ ಹೆಸರಾದರೂ ಉಳಿಯಿತು. ಇನ್ನೊಂದು ಶಾಸನದ ವಿಷಯವೂ ಗೊತ್ತಾಯಿತು. ಮದ್ದೂರಿನ ಬಳಿಯ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲಿ ನೆಟ್ಟ ಕಲ್ಲು ಅದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕಾಡುಹಂದಿಯೊಡನೆ ಹೋರಾಡಿ ಸತ್ತ ಒಂದು ನಾಯಿಯ ನೆನಪಿಗೆ ಅದರ ಒಡೆಯ ಮಣಲೇರ ನಿಲ್ಲಿಸಿದ್ದು. ನಾಯಿಯ ಹೆಸರು ಕಾಳಿ. ಇದನ್ನು ಕೇಳಿ ಅತ್ತೆಯವರು, 'ನಾಯಿಗೆ ಹೆಸರು ಬರೆಸವ್ರೆ, ನಮ್ ಮಾಸ್ತಮ್ಮಂಗೆ ಬರೆಸಿಲ್ವಲ್ಲ' ಎಂದರು. ನಾನು ಓದಿದ ಪುಸ್ತಕಗಳಲ್ಲಿ ಎಲ್ಲಿಯೂ ಸಿಗದಿದ್ದ ಮಾತು ಇದು.

ಆಮೇಲೆ ಏನಾಯಿತು ಎಂದು ನೀವು ಕೇಳಬಹುದು. ಅತ್ತೆಯವರು ಆ ಕಲ್ಲಿಗೆ ಕೈಮುಗಿಯುವುದನ್ನು ಬಿಡಲಿಲ್ಲ. ಮುತ್ತೈದೆತನ ಕೊಡು ಎಂದು ಕೇಳುವುದನ್ನು ಬಿಟ್ಟರು. 'ಅವಳ ಹತ್ರ ಅದನ್ನ ಕೇಳಾದು ತಪ್ಪಲ್ವ?' ಎಂದರು. ಈಗ ಹೋದಾಗ ಕಲ್ಲಿನ ಬುಡದ ಕಳೆ ಕಿತ್ತು, ನೀರು ಹಾಕಿ ತೊಳೆದು, ಸ್ವಲ್ಪ ಹೊತ್ತು ಕೂತು ಬರುತ್ತಾರೆ. ಭಕ್ತಿ ಹೋಗಲಿಲ್ಲ, ಅದಕ್ಕೊಂದು ಮರುಕ ಸೇರಿತು. ನನ್ನ ಮಗಳು ಈಗ ಅವರಿಗೆ 'ಫಣಿಯಮ್ಮ'ವನ್ನು ದಿನಕ್ಕೆ ಹತ್ತು ಪುಟದಂತೆ ಓದಿ ಹೇಳುತ್ತಿದ್ದಾಳೆ. ಬಾಲವಿಧವೆಯಾಗಿ, ಚಿತೆಯೇರದೆ, ದೀರ್ಘಕಾಲ ಬದುಕಿದ ಹೆಣ್ಣಿನ ಕತೆ ಅದು. ನಂಜನಗೂಡಿನ ತಿರುಮಲಾಂಬ ಅವರ ವಿಷಯವನ್ನೂ ಹೇಳಿದೆ. ಅವರೂ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. 1917ರಲ್ಲೇ 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನು ಹೆಂಗಸರಿಗಾಗಿ ನಡೆಸಿದವರು. ಅತ್ತೆಯವರು ತಲೆದೂಗಿದರು. ಕಲ್ಲಾದವಳು, ಮನೆಯ ಮೂಲೆಯಲ್ಲಿ ಬದುಕಿದವಳು, ಪತ್ರಿಕೆ ನಡೆಸಿದವಳು, ಮೂವರೂ ಅವರ ಮನಸ್ಸಿನಲ್ಲಿ ಈಗ ಒಂದೇ ಮನೆಯ ಹೆಣ್ಣುಮಕ್ಕಳ ಹಾಗೆ ಇದ್ದಾರೆ.

ಆದ್ದರಿಂದ, ಬರಿದೆ ತಿಳಿದುಕೊಳ್ಳಲು ಒಬ್ಬ ಮುದುಕಿಗೆ ಹಕ್ಕಿದೆಯೇ ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಇದೆ. ಆ ತಿಳುವಳಿಕೆಯಿಂದ ಸಂಬಳ ಬರಬೇಕಿಲ್ಲ, ಸಂತೋಷವೇ ಬರಬೇಕೆಂದೂ ಇಲ್ಲ. ಆದರೆ ಹಕ್ಕು ಇದ್ದರೆ ಸಾಲದು, ಅದಕ್ಕೊಂದು ಜಾಗ ಬೇಕು, ಒಂದು ಗಂಟೆ ಬೇಕು, ಜೊತೆಗೊಬ್ಬರು ಬೇಕು.

ಜಾಗದ ವಿಷಯದಲ್ಲಿ ನಮ್ಮ ನಾಡು ಪೂರ್ತಿ ಬಡವಾಗಿಲ್ಲ. 2019ರಲ್ಲಿ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಈಗ ಅವುಗಳಿಗೆ ಅರಿವು ಕೇಂದ್ರ ಎಂಬ ಚೆಂದದ ಹೆಸರಿದೆ. ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ, ಹಿಂದೆ ಬಸ್ ಕಂಡಕ್ಟರ್ ಆಗಿದ್ದ ಅಂಕೇಗೌಡರು ದುಡಿದದ್ದನ್ನೆಲ್ಲ ಸುರಿದು ಲಕ್ಷಗಟ್ಟಲೆ ಪುಸ್ತಕಗಳ 'ಪುಸ್ತಕ ಮನೆ' ಕಟ್ಟಿದ್ದಾರೆ. ಮೈಸೂರಿನ ರಾಜೀವನಗರದಲ್ಲಿ, ತಮಗೆ ಓದುವ ಭಾಗ್ಯ ಸಿಗದ ಕೂಲಿಕಾರ್ಮಿಕ ಸೈಯದ್ ಇಸಾಕ್ ಅವರು ಊರವರಿಗಾಗಿ ಕನ್ನಡ ಗ್ರಂಥಾಲಯ ನಡೆಸುತ್ತಿದ್ದರು. 2021ರ ಏಪ್ರಿಲ್‌ನಲ್ಲಿ ಅದು ಸುಟ್ಟು ಸುಮಾರು 11,000 ಪುಸ್ತಕಗಳು ಬೂದಿಯಾದವು. ನಾಡಿನ ಮೂಲೆಮೂಲೆಯಿಂದ ಜನ ಪುಸ್ತಕ ಕಳಿಸಿದರು. ತಾನು ಉಣ್ಣಲಾಗದ ಊಟವನ್ನು ಊರಿಗೆ ಬಡಿಸಿದವರು ಇವರು. ಇಂಥವರಿರುವಾಗ ನಮ್ಮ ಕಡೆಯಿಂದ ಆಗಬೇಕಾದದ್ದು ಬಹಳ ಸಣ್ಣ ಕೆಲಸ.

ವಾರಕ್ಕೆ ಒಂದು ಮಧ್ಯಾಹ್ನ ಗ್ರಂಥಾಲಯಕ್ಕೆ ಹೋಗಿ, ನಿಮ್ಮ ಹೆಸರಿನಲ್ಲಿ ಸದಸ್ಯತ್ವ ಪಡೆಯಿರಿ, ಮಕ್ಕಳ ಹೆಸರಿನಲ್ಲಲ್ಲ. ಅಲ್ಲಿ ಹೆಂಗಸರಿಗೆ ಕೂರಲು ಜಾಗ, ಶೌಚಾಲಯ, ನಮಗೆ ಅನುಕೂಲವಾದ ವೇಳೆ ಇಲ್ಲದಿದ್ದರೆ ನಾಲ್ಕು ಜನ ಸೇರಿ ಕೇಳಿ. ಕಂದಾಯದ ರಸೀದಿ ನಿಮ್ಮ ಪರವಾಗಿ ಮಾತಾಡುತ್ತದೆ. ವಸ್ತುಸಂಗ್ರಹಾಲಯಕ್ಕೆ ಹೋಗುವಾಗ ಮನೆಯ ಹಿರಿಯ ಹೆಂಗಸನ್ನು ಕರೆದುಕೊಂಡು ಹೋಗಿ, ನಿಧಾನವಾಗಿ ನಡೆಯಿರಿ, ಅವರು ನಿಂತಲ್ಲಿ ನಿಲ್ಲಿ. ಓದಲು ಬಾರದವರಿಗೆ ಓದಿ ಹೇಳಿ, ಅವರು ಕೇಳುವ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ. ಮನೆಯಿಂದ ಹೊರಡುವಾಗ ಯಾರಾದರೂ 'ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ' ಎಂದು ಕೇಳೇ ಕೇಳುತ್ತಾರೆ. ಕೋಪ ಮಾಡಿಕೊಳ್ಳಬೇಡಿ. 'ತಿಳಿದುಕೊಳ್ಳೋಣ ಅಂತ' ಎಂದಷ್ಟು ಹೇಳಿ. ಸಂಜೆ ಅಡಿಗೆಯ ಹೊತ್ತಿಗೆ ಬಂದುಬಿಡುತ್ತೇನೆ ಎಂದು ಮಾತ್ರ ಸೇರಿಸಬೇಡಿ.